ನಾಲ್ಕನೆಯ ವಾಲ್ಯೂಮ್ ಕಂಟ್ರೋಲ್

ಆಗೆಲ್ಲ ಮನೆಯಲ್ಲಿ ಹಾಡು ಬೇಕೆಂದರೆ ಯಾರಾದರೂ ಎದ್ದು ಹೋಗಿ ಗುಂಡಿ ತಿರುಗಿಸಬೇಕಿತ್ತು. ಪುಣೆಯ ಕೋಥರೂಡದ ಅತ್ತಿಯ ಮನೆಯಲ್ಲಿ ಆ ಗುಂಡಿ ಇದ್ದದ್ದು ಅಪ್ಪ ಕೈಯಾರೆ ಜೋಡಿಸಿದ ಆಂಪ್ಲಿಫೈಯರಿನ ಮೇಲೆ. ಪ್ಲೈವುಡ್ಡಿನ ಡಬ್ಬಿ, ಹಿಂದೆ ಜಾಲರಿ, ಆಚೆ ಈಚೆ ಎರಡು ಸ್ಪೀಕರು. ಮದುವೆಗೆ ಮೊದಲು ಅಪ್ಪ ತನ್ನ ಅಕ್ಕನ ಆ ಮನೆಯಲ್ಲಿದ್ದಾಗ ಅದನ್ನು ಮಾಡಿ ಅಲ್ಲಿಯೇ ಬಿಟ್ಟು ಹೋಗಿದ್ದ. ಹನ್ನೆರಡು ವರ್ಷದ ಮೇಲೆ ನನ್ನನ್ನೂ ಅಲ್ಲಿಯೇ ಬಿಟ್ಟು ಹೋದ.

ಅವನ ನೌಕರಿ ದೌಂಡದ ರೈಲು ಇಂಜಿನ್ ಶೆಡ್ಡಿನಲ್ಲಿ. ಒಂದೇ ಖೋಲಿಯ ಕ್ವಾರ್ಟರ್ಸು, ಅದರಲ್ಲಿ ಅವ್ವ ಮತ್ತು ಹಾಲು ಕುಡಿಯುವ ತಮ್ಮ. ಪುಣೆಯ ಸಾಲಿ ಛಲೋ ಎಂದು ಐದನೆಯ ಇಯತ್ತೆಗೆ ನನ್ನನ್ನು ಅತ್ತಿಯ ಹತ್ತಿರ ಇಟ್ಟರು. ಅತ್ತಿ ಕೆಟ್ಟವಳಲ್ಲ. ಹೊತ್ತಿಗೆ ಸರಿಯಾಗಿ ಊಟ ಹಾಕಿ ಹೊಲಿಗೆ ಮಷಿನಿಗೆ ಕೂತರೆ ಕತ್ತಲಾಗುವ ತನಕ ಮಾತಿಲ್ಲ. ಕೆಳಗೆ ಸೊಸೈಟಿಯ ಹುಡುಗರು ಲಗೋರಿ ಆಡುತ್ತಿದ್ದರು. ಒಂದು ದಿನ ಇಳಿದು ಹೋದೆ. ನನ್ನ ಮರಾಠಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಾನು ಗ್ಯಾಲರಿಯ ಸರಳು ಹಿಡಿದುಕೊಂಡೇ ಅವರ ಆಟ ನೋಡಿದೆ. ಅಪ್ಪ ಬರುತ್ತಿದ್ದದ್ದು ತಿಂಗಳಿಗೆ ಒಂದು ಸಲ.

ಆ ಮಳೆಗಾಲದಲ್ಲಿ ಆಂಪ್ಲಿಫೈಯರ್ ಕೆಟ್ಟಿತು. ಗುಂಡಿ ತಿರುಗಿಸಿದರೆ ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಖರ್ ಖರ್. ರದ್ದಿಯವನಿಗೆ ಕೊಟ್ಟುಬಿಡೋಣ ಎಂದಳು ಅತ್ತಿ. ಅಪ್ಪ ಡಬ್ಬಿ ಬಿಚ್ಚಿ ನೋಡಿ, ವಾಲ್ಯೂಮ್ ಕಂಟ್ರೋಲ್ ಒಳಗೆ ಸವೆದಿದೆ, ಹೊಸದು ಹಾಕಿದರೆ ಆಯಿತು, ಬರುವ ಮಂಗಳವಾರ ತನ್ನ ವಾರದ ರಜೆ, ಆಗ ತರೋಣ ಎಂದ. ಒಂದೇ ವಾರದಲ್ಲಿ ಮತ್ತೆ ಬರುತ್ತಾನೆ! ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನಮ್ಮದು ಬೆಳಗಿನ ಸಾಲಿ. ಆ ಮಂಗಳವಾರ ಮಧ್ಯಾಹ್ನ ಮನೆಗೆ ಬಂದರೆ ಅಪ್ಪ ಕೂತಿದ್ದ, ಪಕ್ಕದಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯ ಗಂಟು. ಉಂಡು, ಒದ್ದೆ ಕೊಡೆಗಳ ವಾಸನೆ ಹೊಡೆಯುವ ಬಸ್ಸು ಹಿಡಿದು ರೇಡಿಯೋ ಸಾಮಾನು ಮಾರುವ ತಪಕೀರ ಗಲ್ಲಿಗೆ ಹೋದೆವು. ಅಂಗಡಿಯ ಮುದುಕ ಕಂಟ್ರೋಲುಗಳ ಡಬ್ಬಿ ಸುರಿದ. ಎಡಬಲ ಎರಡು ಸ್ಪೀಕರು ಇದ್ದವರಿಗೆ ತಂತಿ ಬೆಸೆಯಲು ಆರು ಕಾಲಿರುವುದೇ ಬೇಕು ಎಂದು ಅಪ್ಪ ತೋರಿಸಿದ. ಒಂದೊಂದರ ತಿರುಗುವ ದಂಡವನ್ನೂ ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ ತಿರುಗಿಸಿದ. ನನ್ನ ಕೈಗೂ ಕೊಟ್ಟ.

"ಗಟ್ಟಿನೂ ಇರಬಾರದು, ಭಾಳ ಸಡ್ಲನೂ ಇರಬಾರದು," ಎಂದ. "ಬೆರಳಿಗೆ ತಿಳೀತದ ನೋಡವ್ವ."

ಆರಿಸಿದ್ದಾಯಿತು, ಮನೆಗೆ ಬಂದು ಬೆಸೆದದ್ದೂ ಆಯಿತು. ಕರಗಿದ ರಾಳದ ಆ ಹೊಗೆ ನನಗೆ ಈಗಲೂ ಪಂಚಪ್ರಾಣ. ಆದರೆ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮನೆಯೆಲ್ಲ ಗದ್ದಲ, ಮುಂದೆ ಎಷ್ಟು ತಿರುಗಿಸಿದರೂ ಅಷ್ಟೇ. ನೋಡಲು ಒಂದೇ ತರಹದವು ಎರಡು ಜಾತಿ ಇರುತ್ತವಂತೆ. ನಮಗೆ ಬೇಕಾದದ್ದು ಸದ್ದನ್ನು ಮೆಲ್ಲಗೆ ಏರಿಸುವ ಜಾತಿಯದು. ಮುಂದಿನ ಮಂಗಳವಾರ ಅದನ್ನೇ ಕೇಳಿ ತಂದೆವು. ಬರುವ ದಾರಿಯಲ್ಲಿ ಒಂದೇ ಗ್ಲಾಸು ಕಬ್ಬಿನ ಹಾಲು ಹಂಚಿಕೊಂಡು ಕುಡಿದೆವು.

ಎರಡನೆಯದು ಸರಿಯಾಗಿ ಕೂತಿತು. ಸದ್ದು ಬೆಳಗಿನ ಬೆಳಕಿನಂತೆ ಮೆಲ್ಲಗೆ ಏರಿತು. ಆದರೆ ಶೆಡ್ಡಿನ ಇಂಜಿನ್ನುಗಳ ನಡುವೆ ಅಪ್ಪನ ಕಿವಿ ಕೆಟ್ಟಿತ್ತು. ಮಾತು ಕೇಳುತ್ತಿತ್ತು, ಸಣ್ಣ ಸದ್ದು ಕೇಳುತ್ತಿರಲಿಲ್ಲ. ಅದಕ್ಕೇ ನನ್ನನ್ನು ಸ್ಪೀಕರಿನ ಮುಂದೆ ಕೂರಿಸಿ, ಗುಂಡಿ ತಿರುಗಿಸುತ್ತ ಕೇಳಿದ.

"ಖರ್ ಅಂತದೇನವ್ವ?"

ಇಲ್ಲ ಎಂದರೆ ಕೆಲಸ ಮುಗಿಯಿತು. ಆಮೇಲೆ ಮತ್ತೆ ತಿಂಗಳಿಗೊಂದು ಸಲ. ಬಾಯಲ್ಲಿ ಬೆರಳಿಟ್ಟರೆ ಕಚ್ಚಲು ಬಾರದವಳ ಹಾಗೆ ಮುಖ ಮಾಡಿ, "ಹೂಂ, ಸ್ವಲ್ಪ ಅಂತದ," ಎಂದೆ.

ಮೂರನೆಯದು ತಂದೆವು. ಅಂಗಡಿಯ ಮುದುಕ, "ಪರತ ಆಲಾತ?" ಮತ್ತೆ ಬಂದಿರಾ ಎಂದು ಕನ್ನಡಕದ ಮೇಲಿಂದ ನೋಡಿ ನಕ್ಕ. ಅದಕ್ಕೂ ನಾನು ಖರ್ ಅಂತದ ಎಂದೇ ಹೇಳಿದೆ. ಅತ್ತಿ ಮಷಿನು ನಿಲ್ಲಿಸಿ, ತನಗೇನೂ ಕೇಳಿಸುತ್ತಿಲ್ಲವಲ್ಲ ಎಂದಳು.

"ಸಣ್ಣವರ ಕಿವಿ ಅಕ್ಕಾ, ಆಕಿಗಿ ಕೇಳಸ್ತದ," ಎಂದ ಅಪ್ಪ. "ನಮಗ ವಯಸ್ಸಾತು."

ನಾಲ್ಕನೆಯದಕ್ಕೆ ಅಪ್ಪ ಅಂಗಡಿಯಲ್ಲಿ ಒಂದು ತಾಸು ನಿಂತ. ಡಬ್ಬಿಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ತಿರುಗಿಸಿದ. ಮುದುಕ ಈ ಸಲ ನಗಲಿಲ್ಲ. ಮನೆಯಲ್ಲಿ ಒಂದೊಂದು ಕಾಲನ್ನೂ ಎರಡೆರಡು ಸಲ ಬೆಸೆದು, ಬೆವರು ಒರೆಸಿಕೊಂಡು, ಗುಂಡಿ ತಿರುಗಿಸಿ ನನ್ನ ಮುಖ ನೋಡಿದ. ಆದರೂ ನಾನು ತಲೆ ಆಡಿಸಿದೆ: ಅಂತದ.

ಅಪ್ಪ ಸ್ವಿಚ್ ಆರಿಸಿದ. ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಕಂಟ್ರೋಲಿಂದು ತಪ್ಪಿಲ್ಲವ್ವ," ಎಂದ. "ನನ್ನ ಕೈನ ಕೆಟ್ಟಾವ."

ಬಿಸಿ ಆರಿದ ಮೇಲೆ ಬೆಸುಗೆ ಕಡ್ಡಿಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ಶೆಡ್ಡಿನಲ್ಲಿ ಯಾರಿಗೋ ಅದನ್ನು ಕೊಟ್ಟುಬಿಟ್ಟನೆಂದು ಆಮೇಲೆ ಅವ್ವ ಹೇಳಿದಳು. ದೌಂಡದ ಅರ್ಧ ಕ್ವಾರ್ಟರ್ಸಿನ ರೇಡಿಯೋ ರಿಪೇರಿ ಮಾಡುತ್ತಿದ್ದವನು ಮತ್ತೆ ಯಾರ ಡಬ್ಬಿಯನ್ನೂ ಬಿಚ್ಚಲಿಲ್ಲ. ಮಂಗಳವಾರಗಳೂ ನಿಂತವು. ಅತ್ತಿಯ ಮನೆಯಲ್ಲಿ ಆ ನಾಲ್ಕನೆಯ ಕಂಟ್ರೋಲ್ ಎಷ್ಟೋ ವರ್ಷ ಒಂದು ಚೂರೂ ಖರ್ ಎನ್ನದೆ ಹಾಡಿತು. ಅಪ್ಪ ಬಂದಾಗ ಮಾತ್ರ ನಾನು ಅದನ್ನು ಹಚ್ಚುತ್ತಿರಲಿಲ್ಲ. ಸುಳ್ಳು ಹೇಳಿದೆ ಎಂದು ತಿಳಿಸಲು ದೊಡ್ಡವಳಾದ ಮೇಲೆ ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಊಟ ಆಯ್ತೇನು ಎಂದು ಕೇಳಿ ಮುಚ್ಚಿದ್ದೇನೆ. ಅವನು ಹೋಗಿ ಈಗ ಎರಡು ವರ್ಷ.

ಆಂಪ್ಲಿಫೈಯರ್ ಈಗ ಪುಣೆಯಲ್ಲೇ ನನ್ನ ಮಗರಪಟ್ಟಾದ ಮನೆಯಲ್ಲಿದೆ. ಈ ಮಳೆಗಾಲದಲ್ಲಿ ಅದು ನಿಜವಾಗಿಯೂ ಖರ್ ಎಂದಿತು. ಒಬ್ಬಳೇ ಗಲ್ಲಿಗೆ ಹೋದೆ. ಮುದುಕನ ಜಾಗದಲ್ಲಿ ಬೇರೆ ಯಾವನೋ ಇದ್ದ. ಕಣ್ಣು ಮುಚ್ಚಿ ಒಂದೊಂದನ್ನೇ ತಿರುಗಿಸಿದೆ. ಎಲ್ಲ ಒಂದೇ ಅದಾವ ಅಕ್ಕಾರ ಎಂದು ಅವನು ಮರಾಠಿಯಲ್ಲಿ ಬೇಸರ ಮಾಡಿಕೊಂಡ. ಹೊಸ ಬೆಸುಗೆ ಕಡ್ಡಿಯನ್ನೂ ಕೊಂಡು ತಂದು, ಎರಡು ಬೆರಳು ಸುಟ್ಟುಕೊಂಡು, ಆರೂ ಕಾಲು ಬೆಸೆದೆ. ಮನೆಯಲ್ಲಿ ಅದೇ ರಾಳದ ಹೊಗೆ ತುಂಬಿತು. ಅಪ್ಪಾ, ನಿನ್ನ ಕೈ ಕೆಟ್ಟಿರಲಿಲ್ಲ ಎಂದು ಆ ಡಬ್ಬಿಯ ಮುಂದೆ ಕೂತು ಅತ್ತೆ.

ಆಮೇಲೆ ಮುಖ ತೊಳೆದುಕೊಂಡು ಮಗಳನ್ನು ಕರೆದೆ. ಅವಳಿಗೂ ಈಗ ನನಗೆ ಆಗ ಇದ್ದಷ್ಟೇ, ಹತ್ತು ವರ್ಷ. ಸ್ಪೀಕರಿನ ಮುಂದೆ ನಿಲ್ಲಿಸಿ, ಗುಂಡಿ ತಿರುಗಿಸುತ್ತ ಕೇಳಿದೆ.

"ಖರ್ ಅಂತದೇನವ್ವ?"

ಅವಳು ಒಂದು ಕಿವಿಯ ಇಯರ್‌ಫೋನ್ ತೆಗೆದು ಕೇಳಿಸಿಕೊಂಡಳು. "ಇಲ್ಲಮ್ಮ, ಏಕದಮ್ ಕ್ಲಿಯರ್ ಅದ," ಎಂದು ಮತ್ತೆ ಸಿಕ್ಕಿಸಿಕೊಂಡು ತನ್ನ ಖೋಲಿಗೆ ಹೋದಳು.

ನಿಜವನ್ನೇ ಹೇಳಿದಳು, ತಪ್ಪೇನಿಲ್ಲ. ಆದರೆ ಖರ್ ಅಂತದ ಎಂದಿದ್ದರೆ ಮುಂದಿನ ಮಂಗಳವಾರ ಇಬ್ಬರೂ ಗಲ್ಲಿಗೆ ಹೋಗುತ್ತಿದ್ದೆವು.