ಕಾದಿರಿಸಿದ ಕಾಲುನೋವು

ಬಸ್ಸಿನಲ್ಲಿ ಟವೆಲು ಹಾಸಿ ಸೀಟು ಕಾದಿರಿಸುವವರನ್ನು ನೀವೂ ನೋಡಿರುತ್ತೀರಿ. ಆದರೆ ಕಾಯಿಲೆಯನ್ನೇ ಕಾದಿರಿಸುವ ಕಲೆ ಸಿದ್ಧಿಸಿದ್ದು ನಮ್ಮ ನೆಂಟರಿಗೆ ಮಾತ್ರ. ನಾನು ಇಂಟರ್‌ಮೀಡಿಯೆಟ್ಟಿಗೆ ವಿಜ್ಞಾನ ತೆಗೆದುಕೊಂಡ ಸುದ್ದಿ ಸವಣೂರು ದಾಟಿ ಕಡಬ ಮುಟ್ಟುವಷ್ಟರಲ್ಲಿ ನಾನು ಅರ್ಧ ಡಾಕ್ಟರನಾಗಿಬಿಟ್ಟಿದ್ದೆ. ಐವತ್ತರ ದಶಕದಲ್ಲಿ ನಮ್ಮ ಕಡೆ ವಿಜ್ಞಾನಕ್ಕೆ ಅದೊಂದೇ ಅರ್ಥ. ಮದುವೆಯ ಪಂಕ್ತಿಯಲ್ಲಿ ಕುಳಿತರೆ ಎಡಗಡೆಯವರು ನಾಲಗೆ ಚಾಚುತ್ತಿದ್ದರು, ಬಲಗಡೆಯವರು ನಾಡಿ ಒಡ್ಡುತ್ತಿದ್ದರು. ಇವರಿಬ್ಬರ ಶುಶ್ರೂಷೆಯ ನಡುವೆ ನನ್ನ ಎಲೆಯ ಪಾಯಸ ಅನಾಥವಾಗಿ ಹರಿದುಹೋಗುತ್ತಿತ್ತು.

ಎಲ್ಲರಿಗಿಂತ ಶ್ರದ್ಧೆಯಿಂದ ಕಾದವರು ಬೆಳ್ಳಾರೆಯ ದೊಡ್ಡಮ್ಮ. ನೋಯುತ್ತಿದ್ದ ಮೊಣಕಾಲನ್ನು ಪುತ್ತೂರಿನ ಆಸ್ಪತ್ರೆಯಲ್ಲಿ ತೋರಿಸಿ ಎಂದು ಯಾರು ಹೇಳಿದರೂ, "ನಮ್ಮ ಹುಡುಗ ಬರ್ತಾನಲ್ಲ, ಹೊರಗಿನವರಿಗೆ ಎಂತಕ್ಕೆ ತೋರಿಸುದು?" ಎನ್ನುತ್ತಿದ್ದರು.

ಇತ್ತ ನಾನು ಬಿ.ಎಸ್ಸಿ. ಮುಗಿಸಿ, ರಜೆ ಹಾಕಿದ ಮಾಸ್ಟ್ರೊಬ್ಬರ ಬದಲಿಗೆ ಸುಳ್ಯದ ಕಡೆಯ ಹೈಸ್ಕೂಲೊಂದರಲ್ಲಿ ಕೆಲವು ವಾರ ಪಾಠ ಮಾಡಿದೆ. ನೀರು ತುಂಬಿದ ಲೋಟಕ್ಕೆ ರಟ್ಟು ಮುಚ್ಚಿ ತಲೆಕೆಳಗು ಹಿಡಿದಾಗ, ನೀರು ಬೀಳದ್ದನ್ನು ಕಂಡು ಇಡೀ ತರಗತಿ 'ಹೋ' ಎಂದಿತು. ಆ ಕೂಗಿಗೆ ನಾನು ಸೋತೇಹೋದೆ. ಅಪ್ಪ ಮೆಡಿಕಲ್ ಸೀಟಿಗೆ ಓಡಾಡುತ್ತಿರುವಾಗಲೇ, ಮಾಸ್ಟ್ರಾಗಲು ಬಿ.ಟಿ. ತರಬೇತಿಗೆ ಸೇರುತ್ತೇನೆಂದೆ.

"ಸೀಟು ಸಿಕ್ಕಲಿಲ್ಲ ಅಂತ ಹೇಳುವ. ಬೇಕು ಅಂತಲೇ ಮಾಸ್ಟ್ರಾದದ್ದು ಅಂದ್ರೆ ನಗ್ತಾರೆ ಮಾರಾಯ," ಎಂದರು ಅಪ್ಪ. ನನಗೂ ಹಾಗೇ ಅನ್ನಿಸಿತೆಂಬುದೇ ದೊಡ್ಡ ನಾಚಿಕೆ. ಸೀಟು ಸಿಗದವನಿಗೆ ಲೋಕದ ಅನುಕಂಪವಾದರೂ ದಕ್ಕುತ್ತಿತ್ತು; ಇಷ್ಟಪಟ್ಟು ಮಾಸ್ಟ್ರಾಗುವವನಿಗೆ ಅದೂ ಇಲ್ಲ.

ಆದರೆ ದೊಡ್ಡಮ್ಮನೆದುರು ಆ ಸುಳ್ಳು ಬಾಯಿಗೆ ಬರಲಿಲ್ಲ. ನಾನು ಹೋದಾಗ ಅವರು ಬೆಂಚಿನ ಮೇಲೆ ಕಾಲು ಚಾಚಿ, ಸೀರೆಯನ್ನು ಮೊಣಕಾಲಿನ ತನಕ ಸರಿಸಿ ಸಿದ್ಧವಾಗಿದ್ದರು. ಊದಿಕೊಂಡ ಆ ಕಾಲನ್ನು ನೋಡಿ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಾನು ಡಾಕ್ಟ್ರಾಗುದಿಲ್ಲ ದೊಡ್ಡಮ್ಮ. ಸೀಟು ಸಿಕ್ಕಿದ್ರೂ ಹೋಗುದಿಲ್ಲ. ಮಾಸ್ಟ್ರಾಗುದೇ ಇಷ್ಟ."

ಅವರು ಸೀರೆ ಇಳಿಸಿದರು. "ಹಾಗಾದ್ರೆ ನಾಳೆ ಪುತ್ತೂರಿಗೆ ಹೋಗುವ."

ಆಸ್ಪತ್ರೆಯಲ್ಲಿ ಡಾಕ್ಟರು ಕಾಲು ಒತ್ತಿ ನೋಡಿ ರೇಗಿದರು: "ಇಷ್ಟು ವರ್ಷ ಎಂತ ಮಾಡ್ತಾ ಇದ್ರಿ ಮಾರಾಯ್ರೆ?"

ನಾನು ಗೋಡೆ ನೋಡುತ್ತ ನಿಂತೆ. ದೊಡ್ಡಮ್ಮ ಮಾತ್ರ ಎದೆ ಸೆಟೆಸಿ ಹೇಳಿದರು: "ಕರ್ಕೊಂಡು ಬರ್ಲಿಕ್ಕೆ ಇವನಿಗೆ ಪುರುಸೊತ್ತು ಬೇಡ್ವಾ? ನಮ್ಮ ಹುಡುಗ ಹೈಸ್ಕೂಲು ಮಾಸ್ಟ್ರು!"

ನನ್ನನ್ನು ಹಾಗೆ ಹೆಮ್ಮೆಯಿಂದ ಕರೆದವರಲ್ಲಿ ಅವರೇ ಮೊದಲಿಗರು. ನನಗೆ ತಲೆ ಎತ್ತಲಾಗಲಿಲ್ಲ.