ಎಂಜಿನ್ ಆರಿದ ಮೇಲೂ ಕೇಳಿದ ಸದ್ದು

ಸಂಗನಕಲ್ಲು ಗುಡ್ಡದ ಬುಡಕ್ಕೆ ಬರುತ್ತಲೇ ಮಾವನವರ ಕಾಲದ ನಮ್ಮ ಕಾರು ‘ಟಣ್ ಟಣ್’ ಎನ್ನತೊಡಗಿತು.

“ಕಿಡಿ ಹೊತ್ತೋ ಟೈಮಿಂಗ್ ಮುಂದ ಹೋಗೈತಿ. ಹಿಂಗ ಓಡಿಸಿದ್ರ ಪಿಸ್ಟನ್ ಒಡೀತೈತಿ,” ಎಂದು ನಮ್ಮ ಯಜಮಾನರು ಎಂಜಿನ್ ಚಾಲೂ ಇಟ್ಟೇ ಬಾನೆಟ್ ಎತ್ತಿದರು. ಆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇದ್ದ ಜಾಗ ಮರೆಯದಿರಲೆಂದು ನನ್ನ ಕಾಡಿಗೆಯಿಂದಲೇ ಗೆರೆ ಎಳೆದು, ಬೋಲ್ಟ್ ಸಡಿಲಿಸಿ, ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರು. ಸದ್ದು ನಿಲ್ಲಲಿಲ್ಲ. ಇನ್ನಷ್ಟು ತಿರುಗಿಸಿದರು. ಎಂಜಿನ್ ಉಬ್ಬಸಪಟ್ಟು, ನಡುಗಿ, ಆರಿಯೇ ಹೋಯಿತು.

ಟಣ್ ಟಣ್ ಮಾತ್ರ ಹಾಗೇ ಕೇಳುತ್ತಿತ್ತು.

ನಡುಮಧ್ಯಾಹ್ನದ ಬಿಸಿಲಲ್ಲಿ ಗುಡ್ಡದ ಕರಿಬಂಡೆಗಳು ಒಂದೊಂದೂ ಕಾಣುತ್ತಿದ್ದವು. ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಬುಡದಲ್ಲಿ ಆಡು ಮೇಯಿಸುತ್ತಿದ್ದ ಅಜ್ಜಿ, “ಅದು ನಿಮ್ಮ ಗಾಡಿ ಸಪ್ಪಳ ಅಲ್ಲರಿ. ಮ್ಯಾಲಿನ ಕಲ್ಲಿಂದು. ಬಡದ್ರ ಗಂಟಿ ಬಾರಿಸಿದಂಗ ಆಗ್ತೈತಿ,” ಎಂದಳು.

“ಬಡಿಯೋರು ಯಾರು, ನೋಡೇ ಬರ್ತೀನಿ,” ಎಂದು ಯಜಮಾನರು ಗುಡ್ಡದ ಕಡೆ ಹೆಜ್ಜೆ ಇಟ್ಟದ್ದೇ ತಡ, ಸದ್ದು ಥಟ್ಟನೆ ನಿಂತಿತು.

ಅಜ್ಜಿ ಆಡುಗಳನ್ನು ಅವಸರದಿಂದ ತಿರುಗಿಸಿದಳು. “ಹೋಗಬ್ಯಾಡ್ರಿ! ನೋಡಾಕ ಹೋದೋರ ಬೆನ್ನ ಹತ್ತತೈತಿ ಅದು.”

ಯಜಮಾನರು ಇಟ್ಟ ಹೆಜ್ಜೆ ಹಿಂತೆಗೆದು ಬಂದು, ಡಿಸ್ಟ್ರಿಬ್ಯೂಟರನ್ನು ಕಾಡಿಗೆಯ ಗೆರೆಗೇ ಮರಳಿ ತಂದಾಗ ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಬಳ್ಳಾರಿ ಮುಟ್ಟುವವರೆಗೆ ಯಜಮಾನರು ಗಾಡಿ ನಿಲ್ಲಿಸಲಿಲ್ಲ.

ಈಗಲೂ ಕಾರು ಎಲ್ಲಾದರೂ ‘ಟಣ್’ ಎಂದರೆ ಯಜಮಾನರು ಬಾನೆಟ್ ಎತ್ತುವುದಿಲ್ಲ. ಮೊದಲು ಎಂಜಿನ್ ಆರಿಸಿ, ಉಸಿರು ಬಿಗಿಹಿಡಿದು ಕೂರುತ್ತಾರೆ. ಸದ್ದೂ ಆರಿತೆಂದರೆ ಇಬ್ಬರಿಗೂ ಹೋದ ಜೀವ ಬಂದಂತಾಗುತ್ತದೆ. ಸದ್ಯ, ಕೆಟ್ಟಿರುವುದು ಕಾರೇ!