ಅಂಜನಮ್ಮನ ಸೂರಿನ ಬೇಗಡೆ

ಯಶವಂತಪುರದ ಗೂಡ್ಸ್ ಯಾರ್ಡಿನ ಹಿಂದೆ ಹಮಾಲರ ಸಾಲುಮನೆಗಳಿದ್ದವು. ಮನೆ ಅಂದರೆ ನಾಲ್ಕು ಮಣ್ಣಿನ ಗೋಡೆ, ಮೇಲೆ ಜಿಂಕ್ ಶೀಟು. ಅಂಥದ್ದೊಂದರಲ್ಲಿ ಅಂಜನಮ್ಮನ ಗಂಡ ಕದಿರಪ್ಪ ಹಗಲೂ ರಾತ್ರಿ ಮಲಗಿರುತ್ತಿದ್ದ. ಅರವತ್ತೆರಡನೇ ಇಸವಿಯಲ್ಲಿ ಮೂಟೆ ಸಮೇತ ವ್ಯಾಗನ್ನಿಂದ ಬಿದ್ದು ಸೊಂಟ ಮುರಿದುಕೊಂಡವನು ಮತ್ತೆ ಏಳಲಿಲ್ಲ. ಬಿಸಿಲೇರಿದರೆ ಒಳಗೆ ಉಸಿರಾಡಲಾಗದೆ ಏದುತ್ತಿದ್ದ. ಹೆಂಚು ಹಾಕಿಸಿ ಎಂದು, ನಾನು ಲೆಕ್ಕಪತ್ರ ಬರೆಯುತ್ತಿದ್ದ ಹಮಾಲರ ಸಂಘ ಅರ್ಜಿ ಕೊಟ್ಟಿತು, ಧರಣಿ ಕೂತಿತು. ಹೆಂಚು ಬರಲಿಲ್ಲ, ಇನ್ನೊಂದು ಬೇಸಿಗೆ ಬಂತು.

ಅಂಜನಮ್ಮ ಯಾರ್ಡಿನಲ್ಲಿ ಕಸ ಗುಡಿಸುತ್ತಿದ್ದಳು. ಒಡೆದ ಟೀ ಪೆಟ್ಟಿಗೆಗಳ ಒಳಗಿನ ಹೊಳೆಯುವ ಬೇಗಡೆ ಹಾಳೆಯನ್ನು ಹರಿಯದಂತೆ ಬಿಡಿಸಿ ತಂದು, ಶೀಟಿಗೆ ಒಂದು ಗೇಣು ಕೆಳಗಿದ್ದ ಬಿದಿರಿನ ಗಳಗಳಿಗೆ ಮೊಳೆ ಹೊಡೆದಳು. ತುಕ್ಕು ಗಂಡನ ಮುಖದ ಮೇಲೆ ಉದುರದಿದ್ದರೆ ಸಾಕಿತ್ತು ಅವಳಿಗೆ.

ಪಕ್ಕದ ಮನೆಯ ಅಕ್ಬರಿ ಇಣುಕಿ ನಕ್ಕಳು. "ಏನಕ್ಕ, ಗಂಡನ್ನ ಸಿಗರೇಟ್ ಪ್ಯಾಕಿನೊಳಗೆ ಮಡಗಿದೀಯ?"

"ನಗು ನಗು. ಒಳಗ್ ಬಂದು ಕೂತ್ಕೊ, ನೆತ್ತಿ ಸುಡ್ತದಾ ನೋಡು."

ಸುಡುತ್ತಿರಲಿಲ್ಲ. ಮಟಮಟ ಮಧ್ಯಾಹ್ನದಲ್ಲಿ ಕದಿರಪ್ಪ ಗೊರಕೆ ಹೊಡೆಯುತ್ತಿದ್ದ.

ಯುಗಾದಿ ಬಂತು. ಒಲೆಯ ಹೊಗೆಗೆ ಬೇಗಡೆ ಕೊಂಚ ಮಸುಕಾಗಿತ್ತು. ಹಬ್ಬಕ್ಕೆ ಸುಣ್ಣ ಬಳಿಯದೆ ಒಲೆ ಹಚ್ಚುವ ಹೆಂಗಸಲ್ಲ ಅವಳು. ಗೋಡೆ ಮುಗಿಸಿ ಕುಂಚವನ್ನು ಮೇಲಕ್ಕೆತ್ತಿದಳು.

"ಅದ್ನ ಬಿಡಮ್ಮಿ," ಎಂದ ಕದಿರಪ್ಪ.

"ನೀ ಸುಮ್ಕಿರಯ್ಯ. ಬೆಳ್ಳಗಿದ್ರೆ ಇನ್ನೂ ತಣ್ಣಗಿರ್ತದೆ."

ಎರಡು ಸಲ ಬಳಿದಳು. ಸುಣ್ಣ ಒಣಗಿದ ಮರುದಿನವೇ ಮನೆ ಕಾದ ಕಾವಲಿಯಾಯಿತು. ಸುಣ್ಣ ತೆಗೆಯಲು, ಪಾತ್ರೆ ಬೆಳಗಿದಂತೆ ಹುಣಸೆಹಣ್ಣು ಹಾಕಿ ಉಜ್ಜಿದಳು. ಸುಣ್ಣ ತಿಂದಿದ್ದ ಬೇಗಡೆ ಚೂರುಚೂರಾಗಿ ಅವನ ಎದೆಯ ಮೇಲೆ ಉದುರಿತು. ಬೇರೆ ತರೋಣವೆಂದರೆ ಯಾರ್ಡಿನ ಗುತ್ತಿಗೆದಾರ ಒಡೆದ ಪೆಟ್ಟಿಗೆಗಳನ್ನೂ ಗುಜರಿಗೆ ಮಾರತೊಡಗಿದ್ದ. ಸಂಘದಿಂದ ಹೋಗಿ ಕೇಳಿದೆವು. "ಕಸಕ್ಕೂ ಯೂನಿಯನ್ನೇನ್ರಯ್ಯ?" ಎಂದ.

ಮೇ ತಿಂಗಳ ಎರಡನೇ ವಾರ ಕದಿರಪ್ಪ ಸತ್ತ. ಹೊರಗೆ ಬೇವಿನ ಮರದಡಿಯೇ ಇರಲು ಬಿಟ್ಟಿದ್ದರೆ ಉಳಿಯುತ್ತಿದ್ದನೇನೋ. ಅದು ಯಾರ್ಡಿನ ಜಾಗವೆಂದು ಕಾವಲುಗಾರ ಎರಡು ಸಲ ಅವನನ್ನು ಒಳಗೆ ಸಾಗಿಸಿದ್ದ.

ಮಣ್ಣು ಮಾಡಿ ಬಂದ ಸಂಜೆ ಅಂಜನಮ್ಮ ನನ್ನನ್ನು ಕೇಳಿದಳು. "ಓದಿದೋರು ನೀವು, ಹೇಳಿ. ನಾ ಸುಣ್ಣ ಬಳೀದೆ ಇದ್ದಿದ್ರೆ ಇರ್ತಿದ್ನಾ?"

"ಸುಣ್ಣಕ್ಕೂ ಸಾವಿಗೂ ಎಲ್ಲಿಯ ಸಂಬಂಧವಮ್ಮ?" ಎಂದೆ.

ಸುಳ್ಳು ಹೇಳಿದೆ. ಶೀಟಿನ ಕಾವನ್ನು ಕೆಳಕ್ಕೆ ಬಿಡದೆ ತಡೆದಿದ್ದು, ಸುಣ್ಣ ಮುಚ್ಚಿದ ಆ ಹೊಳಪೇ ಎಂದು ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. ಅವಳಿಗೂ ತಿಳಿದಿತ್ತು. ನನ್ನ ಮುಖವನ್ನೊಮ್ಮೆ ನೋಡಿ, ಎದ್ದು ಆ ಶೀಟಿನ ಕೆಳಕ್ಕೇ ಹೋದಳು.